ಮೂರು ದಿನದ ರಜೆ, ಮೂರು ಸಾವಿರ ಕಿಲೋಮೀಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. 2026ರ ಅಕ್ಟೋಬರ್ 2 ಶುಕ್ರವಾರ ಬಂದಿದೆ. ಗಾಂಧಿ ಜಯಂತಿ, ಶನಿವಾರ, ಭಾನುವಾರ, ಒಟ್ಟು ಮೂರು ದಿನ. ಸೋಮವಾರ ಒಂದು ರಜೆ ಹಾಕಿದರೆ ನಾಲ್ಕು. ಇಷ್ಟರಲ್ಲಿ ಅಷ್ಟು ದೂರ ಹೋಗಿ ಬರಬಹುದಾ, ಹೋದರೆ ಕೊಟ್ಟ ದುಡ್ಡಿಗೆ, ಪಟ್ಟ ಪಾಡಿಗೆ ಸಾರ್ಥಕ ಅನಿಸುತ್ತದಾ ಅಂತ ಕೇಳಿದ್ದೀರಿ. ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ ಇದ್ದುದರಿಂದ ಎಲ್ಲರದೂ ಊರು ಮಾತ್ರ ಹಾಕಿದ್ದೇನೆ.

ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮದುವೆಯಾದಾಗಿನಿಂದ ಲಡಾಖ್ ನೋಡಬೇಕು ಎನ್ನುತ್ತಿದ್ದೇವೆ. ಗುರುವಾರ ರಾತ್ರಿ ಹೊರಟು ಸೋಮವಾರ ರಾತ್ರಿ ವಾಪಸ್ ಬರುವ ಹಾಗೆ ಪ್ಲಾನ್ ಮಾಡಿದ್ದೇವೆ. ನುಬ್ರಾ ಕಣಿವೆ, ಪ್ಯಾಂಗಾಂಗ್ ಸರೋವರ ಎರಡೂ ಮುಗಿಸಬೇಕು. ಆಗುತ್ತದಾ?
ಬೆಂಗಳೂರು

ಆಗುವುದಿಲ್ಲ. ಆಗಿಸಲು ಹೋಗಬೇಡಿ ಕೂಡ.

ಯಾಕೆ ಅಂತ ಹೇಳುತ್ತೇನೆ. ರಜೆಯನ್ನು ನಾವು ದಿನಗಳಲ್ಲಿ ಎಣಿಸುತ್ತೇವೆ. ನಾನು ಬಹಳ ವರ್ಷಗಳಿಂದ ಗಂಟೆಗಳಲ್ಲಿ ಎಣಿಸುತ್ತೇನೆ. ಮನೆಯ ಹೊಸ್ತಿಲು ದಾಟಿದ ಹೊತ್ತಿನಿಂದ ವಾಪಸ್ ಹೊಸ್ತಿಲು ತುಳಿಯುವ ತನಕ ಎಷ್ಟು ಗಂಟೆ, ಅದರಲ್ಲಿ ಆ ಊರಿನಲ್ಲಿ ಎಚ್ಚರವಾಗಿ, ಆರೋಗ್ಯವಾಗಿ, ಆತುರವಿಲ್ಲದೆ ಇರುವುದು ಎಷ್ಟು ಗಂಟೆ. ಈ ಎರಡನೆಯ ಸಂಖ್ಯೆ ಮಾತ್ರ ನಿಮ್ಮದು. ಉಳಿದದ್ದೆಲ್ಲ ರಸ್ತೆಗೆ, ವಿಮಾನ ನಿಲ್ದಾಣಕ್ಕೆ, ಸಾಲಿಗೆ, ನಿದ್ದೆಗೆ ಹೋಗುತ್ತದೆ.

ನಿಮ್ಮದನ್ನೇ ಎಣಿಸೋಣ. ಗುರುವಾರ ಆಫೀಸು ಮುಗಿಸಿ ದೇವನಹಳ್ಳಿ ಕಡೆ ಹೊರಡುತ್ತೀರಿ. ಮೂರು ದಿನದ ರಜೆಯ ಹಿಂದಿನ ಸಂಜೆ ಹೆಬ್ಬಾಳ ದಾಟುವುದು ಹೇಗಿರುತ್ತದೆ ಅಂತ ನಿಮಗೆ ಗೊತ್ತಿದೆ. ದಿಲ್ಲಿಗೆ ಎರಡೂಮುಕ್ಕಾಲು ಗಂಟೆ. ಲೇಹ್‌ಗೆ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹೋಗುತ್ತವೆ, ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಜೋರು. ಅಂದರೆ ಆ ರಾತ್ರಿ ದಿಲ್ಲಿ ನಿಲ್ದಾಣದ ಕುರ್ಚಿಯ ಮೇಲೆ. ಶುಕ್ರವಾರ ಬೆಳಿಗ್ಗೆ ನಿದ್ದೆಗೆಟ್ಟು ಲೇಹ್‌ನಲ್ಲಿ ಇಳಿಯುತ್ತೀರಿ.

ಈಗ ಎತ್ತರದ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಅದು 1,930 ಮೀಟರ್. ಲೇಹ್ ಪಟ್ಟಣ ಸುಮಾರು 3,500 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಮೊದಲ ದಿನ ಪೂರ್ತಿ, ಸಾಧ್ಯವಾದರೆ ಎರಡನೆಯ ದಿನವೂ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅಲ್ಲಿನ ವೈದ್ಯರು ಸುಮ್ನೆ ಹೇಳುವುದಲ್ಲ. ನುಬ್ರಾಕ್ಕೆ ಹೋಗುವ ದಾರಿಯಲ್ಲಿ ಖರ್ದುಂಗ್ ಲಾ, ಪ್ಯಾಂಗಾಂಗ್ ದಾರಿಯಲ್ಲಿ ಚಾಂಗ್ ಲಾ. ಬೆಟ್ಟ ದಾಟುವ ಈ ಎರಡೂ ಘಾಟಿಗಳು 5,300 ಮೀಟರ್‌ಗೂ ಮೇಲೆ. ಇಳಿದ ಮರುದಿನವೇ ಅಲ್ಲಿಗೆ ಹತ್ತಿದರೆ ತಲೆನೋವು, ವಾಂತಿ ಶುರುವಾಗಬಹುದು. ಮಿದುಳಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಜೀವಕ್ಕೇ ಅಪಾಯ. ಜಿಮ್‌ಗೆ ಹೋಗುವ ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಯಾರಿಗೆ ಬೇಕಾದರೂ ಬರಬಹುದು.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಮೊದಲ ಸಲ ಹೋದಾಗ ನನಗೂ ಐದೇ ದಿನ ಇತ್ತು, ಎರಡನೆಯ ಬೆಳಿಗ್ಗೆಯೇ ಖರ್ದುಂಗ್ ಲಾಕ್ಕೆ ಹೊರಟೆವು, ಮೇಲೆ ಹತ್ತು ನಿಮಿಷ ನಿಂತಿದ್ದು ನೆನಪಿದೆ, ಆಮೇಲೆ ಇಳಿಯುವ ದಾರಿಯುದ್ದಕ್ಕೂ ತಲೆ ಸಿಡಿಯುತ್ತಿತ್ತು. ಉಳಿದ ಒಂದೂವರೆ ದಿನ ಕಿಟಕಿಗೆ ಪರದೆ ಎಳೆದು ಮಲಗಿದ್ದೆ. ಹೊರಗೆ ಅಷ್ಟು ಚಂದದ ಬಿಸಿಲು, ಬೆಟ್ಟ. ಒಳಗೆ ಬಕೆಟ್ಟು. ನಿಮಗೆ ಹಾಗಾಗಬಾರದು.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಪ್ಯಾಂಗಾಂಗ್, ನುಬ್ರಾ ಎರಡನ್ನೂ ಈ ಸಲ ಬಿಟ್ಟುಬಿಡಿ, ಲೇಹ್ ಮಾತ್ರ ನೋಡಿ. ಶುಕ್ರವಾರ ಏನೂ ಮಾಡಬೇಡಿ, ನೀರು ಕುಡಿದು ಮಲಗಿ, ಸಂಜೆ ಆರಾಮ ಅನಿಸಿದರೆ ಮಾತ್ರ ಪೇಟೆಯಲ್ಲಿ ನಿಧಾನವಾಗಿ ನಡೆಯಿರಿ. ಶನಿವಾರ ಶೇ, ಠಿಕ್ಸೆ ಬೌದ್ಧ ಮಠಗಳು. ಭಾನುವಾರ ನಿಮ್ಮು ಎಂಬ ಊರಿನ ಹತ್ತಿರ ಸಿಂಧೂ, ಝಂಸ್ಕಾರ್ ನದಿಗಳು ಕೂಡುವ ಜಾಗ. ಎರಡು ನದಿ, ಎರಡು ಬಣ್ಣ, ಕೂಡಿದ ಮೇಲೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುವುದು ಕಾಣುತ್ತದೆ. ಅಷ್ಟೇ ನೋಡಿ ಬಂದರೂ ನೋಡಿದ್ದು ಕಣ್ಣಲ್ಲಿ ಉಳಿಯುತ್ತದೆ. ಅಕ್ಟೋಬರ್‌ನಲ್ಲಿ ರಾತ್ರಿ ಚಳಿ ಸೊನ್ನೆ ಡಿಗ್ರಿ ಹತ್ತಿರ ಹೋಗುತ್ತದೆ, ಬಟ್ಟೆ ಸರಿಯಾಗಿ ಇಟ್ಟುಕೊಳ್ಳಿ. ನಿಮ್ಮ ಫೋನಿನದು ಪ್ರೀಪೇಯ್ಡ್ ಸಿಮ್ ಆದರೆ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹೊರಡುವ ಮುಂಚೆ ವೈದ್ಯರನ್ನು ಕಾಣಿ. ಎತ್ತರದ ತೊಂದರೆಗೆ ಮಾತ್ರೆ ಇದೆ, ಆದರೆ ಪಕ್ಕದ ಮನೆಯವರು ತಂದಿದ್ದರು ಅಂತ ನೀವೂ ನುಂಗಬೇಡಿ.

ಎರಡನೆಯದು, ಕಾಯುವುದು. ಇಬ್ಬರೂ ಸೇರಿ ಎಂಟು, ಒಂಬತ್ತು ದಿನ ಒಟ್ಟುಮಾಡಿ ಮುಂದಿನ ಬೇಸಿಗೆಯಲ್ಲಿ ಹೋಗಿ. ನುಬ್ರಾದಲ್ಲಿ ಒಂದು ರಾತ್ರಿ, ಪ್ಯಾಂಗಾಂಗ್ ದಡದಲ್ಲಿ ಒಂದು ರಾತ್ರಿ ಇರಬಹುದು. ಲೇಹ್‌ನಿಂದ ಪ್ಯಾಂಗಾಂಗ್‌ಗೆ ಹೋಗಲು ಐದು ಗಂಟೆ, ಬರಲು ಐದು ಗಂಟೆ. ಒಂದೇ ದಿನದಲ್ಲಿ ಹೋಗಿ ಬರುವವರು ಕೆರೆಯ ದಡದಲ್ಲಿ ನಿಲ್ಲುವುದು ಹೆಚ್ಚೆಂದರೆ ಎರಡು ಗಂಟೆ. ಆ ನೀರಿನ ಬಣ್ಣ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು. ಅದನ್ನು ನೋಡಲೆಂದೇ ಅಲ್ವಾ ನೀವು ಇಷ್ಟು ವರ್ಷ ಕಾದಿದ್ದು? ನನ್ನನ್ನು ಕೇಳಿದರೆ ಕಾಯಿರಿ ಎನ್ನುತ್ತೇನೆ.

ಅಮ್ಮನಿಗೆ 74 ವರ್ಷ. ಕಾಶಿ ನೋಡಬೇಕು ಎನ್ನುವುದು ಅವರ ಒಂದೇ ಆಸೆ. ನನಗೆ ಶಾಲೆಯ ಕೆಲಸ, ಜಾಸ್ತಿ ರಜೆ ಸಿಗುವುದಿಲ್ಲ. ಈ ಮೂರು ದಿನದಲ್ಲಿ ಕರೆದುಕೊಂಡು ಹೋಗಿಬರೋಣ ಅಂದರೆ, "ಒಂದೂವರೆ ದಿನ ಇರುವುದಕ್ಕೆ ಅಷ್ಟು ದೂರ, ಅಷ್ಟು ಖರ್ಚು ಯಾಕೆ? ಹೋದರೆ ಗಯಾ, ಪ್ರಯಾಗ, ಅಯೋಧ್ಯೆ ಎಲ್ಲ ಸೇರಿಸಿ ಹೋಗಬೇಕು" ಅಂತ ಮನೆಯಲ್ಲಿ ಹೇಳುತ್ತಾರೆ. ಅಮ್ಮನಿಗೆ ಮಂಡಿನೋವೂ ಇದೆ.
ದಾವಣಗೆರೆ

ಕರೆದುಕೊಂಡು ಹೋಗಿ.

ಮೇಲಿನ ಪ್ರಶ್ನೆಗೆ ಬೇಡ ಎಂದವನು ನಿಮಗೆ ಹೋಗಿ ಎನ್ನುತ್ತಿದ್ದೇನೆ, ಕಾರಣ ದೂರ ಅಲ್ಲ. ಬೆಂಗಳೂರಿನ ಆ ದಂಪತಿಗೆ ಒಂದೇ ಸಲಕ್ಕೆ ಹಲವು ಜಾಗ ಬೇಕು, ನಿಮ್ಮ ಅಮ್ಮನಿಗೆ ಬೇಕಾಗಿರುವುದು ಒಂದು. ಗಂಗೆ ಕಾಣಬೇಕು, ವಿಶ್ವನಾಥನನ್ನು ಕಾಣಬೇಕು. ಅದಕ್ಕೆ ಒಂದೂವರೆ ದಿನ ಸಾಕು. ಆದರೆ ಮನೆಯವರ ಮಾತು ಕೇಳಿ ಗಯಾ, ಅಯೋಧ್ಯೆ ಸೇರಿಸಿದಿರೋ, ಆಗ ಸಾಲದು. ಕಾಶಿಯಿಂದ ಪ್ರಯಾಗಕ್ಕೆ ಸುಮಾರು 120 ಕಿಲೋಮೀಟರ್, ಅಯೋಧ್ಯೆಗೆ 200ಕ್ಕೂ ಜಾಸ್ತಿ, ಗಯಾ ಇನ್ನೂ ದೂರ, ಅದೂ ಬೇರೆ ದಿಕ್ಕು. ಮಂಡಿನೋವಿರುವ ಹಿರಿಯರನ್ನು ಇಡೀ ದಿನ ಕಾರಿನಲ್ಲಿ ಕೂರಿಸಿ ಇಳಿಸಿ, ಹತ್ತಿಸಿ ಮಾಡಿದರೆ ಅವರಿಗೆ ಕೊನೆಗೆ ನೆನಪಿರುವುದು ಕಾರಿನ ಸೀಟು.

ದಾವಣಗೆರೆಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬರುವಾಗ ನಗರದೊಳಗೆ ಬರಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಕೊಳ್ಳಿ. ವಾರಾಣಸಿಗೆ ನೇರ ವಿಮಾನ ಹಿಡಿಯಿರಿ, ಎರಡೂವರೆ ಗಂಟೆ. ದಿಲ್ಲಿಯಲ್ಲಿ ಬದಲಾಯಿಸುವುದು ಸ್ವಲ್ಪ ಅಗ್ಗ ಅಂತ ಅದಕ್ಕೆ ಹೋಗಬೇಡಿ, ಉಳಿಸಿದ ದುಡ್ಡಿಗಿಂತ ಅಮ್ಮನ ಮಂಡಿಗೆ ಆಗುವ ನೋವು ಜಾಸ್ತಿ. ಗಾಲಿಕುರ್ಚಿ ಬೇಕು ಎಂದು ಟಿಕೆಟ್ ಮಾಡುವಾಗಲೇ ಹಾಕಿ. ಅಲ್ಲಿನ ನಿಲ್ದಾಣ ಬಾಬತ್‌ಪುರದಲ್ಲಿದೆ, ಊರಿಗೆ ಸುಮಾರು 25 ಕಿಲೋಮೀಟರ್.

ಒಂದು ಮುಖ್ಯ ಮಾತು. ಅಕ್ಟೋಬರ್ 2ರ ಹೊತ್ತಿಗೆ ಪಿತೃಪಕ್ಷ ನಡೆಯುತ್ತಿರುತ್ತದೆ, ಮಹಾಲಯ ಅಮಾವಾಸ್ಯೆ ಈ ವರ್ಷ ಅಕ್ಟೋಬರ್ 10ಕ್ಕೆ. ಪಿಂಡಪ್ರದಾನಕ್ಕೆ ಬರುವವರಿಂದ ಕಾಶಿಯಲ್ಲಿ ಜನ ಜಾಸ್ತಿ. ತೀರಿಕೊಂಡ ಹಿರಿಯರ ಕಾರ್ಯ ಮಾಡಿಸುವ ಮನಸ್ಸಿದ್ದರೆ ಇದೇ ಒಳ್ಳೆಯ ಸಮಯ. ಅದಿಲ್ಲ, ದರ್ಶನ ಮಾತ್ರ ಎಂದಾದರೆ ಬೇರೆ ವಾರಾಂತ್ಯ ನೋಡಿದರೆ ಆರಾಮ. ಮಳೆಗಾಲ ಮುಗಿದ ಹೊಸತರಲ್ಲಿ ನದಿ ತುಂಬಿರಬಹುದು, ನೀರು ಜಾಸ್ತಿಯಿದ್ದಾಗ ದೋಣಿ ಬಿಡುವುದಿಲ್ಲ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ಭಾಗದಲ್ಲಿ ಚಳಿ ಹಿತವಾಗಿರುತ್ತದೆ. ಡಿಸೆಂಬರ್ ಕೊನೆಯಿಂದ ಜನವರಿಯ ತನಕ ಮಂಜು ಕವಿದು ವಿಮಾನಗಳು ತಡವಾಗುತ್ತವೆ, ಮೂರು ದಿನದ ಪ್ರವಾಸಕ್ಕೆ ಆ ತಿಂಗಳು ಬೇಡವೇ ಬೇಡ.

ಇಳಿದುಕೊಳ್ಳಲು ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠ ಇದೆ, ಕನ್ನಡ ಕಿವಿಗೆ ಬೀಳುವ ಜಾಗ, ಮೊದಲೇ ವಿಚಾರಿಸಿ. ದೇವಸ್ಥಾನದ ಸುತ್ತ ವಾಹನ ಬಿಡುವುದಿಲ್ಲ, ಸ್ವಲ್ಪ ನಡೆಯಲೇಬೇಕು. ಗಂಗೆಯಿಂದ ನೇರ ದೇವಸ್ಥಾನಕ್ಕೆ 2021ರ ಡಿಸೆಂಬರ್‌ನಲ್ಲಿ ಹೊಸ ದಾರಿ ತೆರೆದರು. ಹಳೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ನುಗ್ಗುವುದಕ್ಕಿಂತ ಅದು ಎಷ್ಟೋ ವಾಸಿ, ಆದರೆ ಆ ಕಡೆಯೂ ಮೆಟ್ಟಿಲುಗಳಿವೆ. ಅಸ್ಸಿ ಘಾಟ್‌ನ ಹತ್ತಿರದವರೆಗೆ ಕಾರು ಬರುತ್ತದೆ. ಬೆಳಗಿನ ಆರತಿಗೆ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ದಶಾಶ್ವಮೇಧದ ಸಂಜೆಯ ನೂಕುನುಗ್ಗಲಿಗಿಂತ ಅವರಿಗೆ ಅದೇ ಹೆಚ್ಚು ಹಿತ.

ನಾನು ನನ್ನ ಸೋದರತ್ತೆಯನ್ನು ಒಂದೇ ರಾತ್ರಿಯ ಮಟ್ಟಿಗೆ ಕಾಶಿಗೆ ಕರೆದುಕೊಂಡು ಹೋಗಿದ್ದೆ. ಕೈಯಲ್ಲಿ ಪಟ್ಟಿ ಹಿಡಿದಿದ್ದೆ, ಅನ್ನಪೂರ್ಣೆ, ವಿಶಾಲಾಕ್ಷಿ, ಕಾಲಭೈರವ, ಸಾರನಾಥ. ಅತ್ತೆ ಬೆಳಿಗ್ಗೆ ಘಾಟಿನ ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ. ಸೀರೆಯ ನೆರಿಗೆ ಎತ್ತಿ ಕಾಲು ನೀರಿಗೆ ಇಳಿಬಿಟ್ಟು ಕೂತರು. "ನೀನು ಹೋಗಿ ನೋಡ್ಕೊಂಡ್ ಬಾ, ನಾನು ಇಲ್ಲೇ ಇರ್ತೀನಿ" ಎಂದರು. ಮೂರು ಗಂಟೆ. ಆಮೇಲೆ ದರ್ಶನ, ಊಟ, ವಿಮಾನ. ಊರಿಗೆ ಬಂದು ಗಂಗಾ ಸಮಾರಾಧನೆ ಮಾಡಿ ನೆಂಟರನ್ನೆಲ್ಲ ಕರೆದು ಊಟ ಹಾಕಿದರು. ಅವತ್ತು ಎಲ್ಲರಿಗೂ ಹೇಳಿದ್ದು ಆ ಮೂರು ಗಂಟೆಯ ಕಥೆಯನ್ನೇ. ನನ್ನ ಪಟ್ಟಿಯಲ್ಲಿದ್ದ ಯಾವುದೂ ಅದರಲ್ಲಿ ಇರಲಿಲ್ಲ.

ನಾಲ್ಕೂ ಕ್ಷೇತ್ರ ಆಗಲೇಬೇಕು ಎಂದು ಅಮ್ಮನೇ ಹೇಳಿದರೆ ಆಗ ವಿಮಾನ ಬಿಡಿ. 2022ರ ನವೆಂಬರ್‌ನಲ್ಲಿ ಶುರುವಾದ ಕರ್ನಾಟಕ ಭಾರತ್ ಗೌರವ್ ಕಾಶಿ ದರ್ಶನ ರೈಲಿನ ಪ್ರವಾಸ ಇದೆ, ಒಂದು ವಾರಕ್ಕಿಂತ ಜಾಸ್ತಿ ದಿನದ್ದು. ರಾಜ್ಯ ಸರ್ಕಾರದ ಸಹಾಯಧನವೂ ಇರುತ್ತದೆ. ಅದರಲ್ಲಿ ಜೊತೆಗೆ ಅವರ ವಯಸ್ಸಿನವರು ಸಿಗುತ್ತಾರೆ, ಮಾತುಕತೆ, ಭಜನೆ. ಆದರೆ ಅಷ್ಟು ದಿನ ರೈಲು ಹತ್ತಿ ಇಳಿಯಲು ಮಂಡಿ ಒಪ್ಪುತ್ತದಾ ಅಂತ ಅವರನ್ನೇ ಕೇಳಿ.

ಶುಕ್ರವಾರ ಬೆಳಗಿನ ವಿಮಾನಕ್ಕೆ ದಿಲ್ಲಿ, ಅಲ್ಲಿಂದ ನೇರ ಆಗ್ರಾ, ತಾಜ್‌ಮಹಲ್ ನೋಡಿ ಶನಿವಾರ ಮಥುರಾ, ಭಾನುವಾರ ವಾಪಸ್. ಸರಿಯಿದೆಯಾ?
ತುಮಕೂರು

ಶುಕ್ರವಾರ ತಾಜ್‌ಮಹಲ್ ಪ್ರವಾಸಿಗರಿಗೆ ಮುಚ್ಚಿರುತ್ತದೆ, ಎಲ್ಲ ಶುಕ್ರವಾರವೂ. ಗುಡ್ ಫ್ರೈಡೇ ರಜೆಗೆ ಹೋಗುವವರಿಗೂ ಇದೇ ಆಗುತ್ತದೆ, ಬಾಗಿಲ ತನಕ ಹೋಗಿ ವಾಪಸ್ ಬಂದವರನ್ನು ನೋಡಿದ್ದೇನೆ. ತಿರುಗಿಸಿ ಹಾಕಿ. ಶುಕ್ರವಾರ ಮಥುರಾ, ವೃಂದಾವನ. ರಾತ್ರಿ ಆಗ್ರಾ. ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ತಾಜ್‌ನ ಬಾಗಿಲಲ್ಲಿರಿ, ಆಮೇಲೆ ಆಗ್ರಾ ಕೋಟೆ. ಹೀಗೆ ಮಾಡಿದರೆ ಮೂರು ದಿನಕ್ಕೆ ಇದು ಒಳ್ಳೆಯ ಪ್ರವಾಸ, ಧೈರ್ಯವಾಗಿ ಹೋಗಿ. ಹೋಗುವ ಊರಿನ ವಾರದ ರಜೆ ಯಾವತ್ತು ಎಂದು ನೋಡದೆ ಯಾರೂ ಟಿಕೆಟ್ ಮಾಡಬೇಡಿ.

ಗೆಳೆಯರೆಲ್ಲ ಅಂಡಮಾನ್ ಎನ್ನುತ್ತಿದ್ದಾರೆ. ಮೂರು ದಿನ ಸಾಕಾ?
ಮಂಗಳೂರು

ಸಾಲದು. ಬೆಂಗಳೂರಿಗೆ ಬಂದು ವಿಮಾನ ಹತ್ತಬೇಕು, ಅಲ್ಲಿ ಇಳಿದ ಮೇಲೆ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆಯ ಹ್ಯಾವ್‌ಲಾಕ್‌ಗೆ, ಹಡಗು ಹಿಡಿಯಬೇಕು. ಸಮುದ್ರ ಒರಟಾದರೆ ಹಡಗು ಬಿಡುವುದಿಲ್ಲ, ವಾಪಸ್ ವಿಮಾನ ತಪ್ಪುತ್ತದೆ. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ, ಅಲ್ಲಿ ನಮ್ಮದೇ ಗಡಿಯಾರ ನಡೆದರೂ ಊರು ತುಂಬಾ ಪೂರ್ವಕ್ಕಿದೆ, ಬೇಗ ಬೆಳಗಾಗಿ ಬೇಗ ಕತ್ತಲಾಗುತ್ತದೆ. ಅಕ್ಟೋಬರ್‌ನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆರು ದಿನ ಇದ್ದಾಗ ಹೋಗಿ. ಈ ಮೂರು ದಿನಕ್ಕೆ, ನೀವು ಮಂಗಳೂರಿನವರು, ಕಾರವಾರದ ತನಕ ನಿಮ್ಮದೇ ಕರಾವಳಿಯನ್ನು ರೈಲಿನಲ್ಲಿ ಒಂದು ಸಲ ನಿಧಾನವಾಗಿ ನೋಡಿದ್ದೀರಾ?

ನಾವು ಮೈಸೂರಿನವರು. ಬೀದರ್ ನೋಡಬೇಕು ಎಂದು ಮಗಳು ಹಟ ಹಿಡಿದಿದ್ದಾಳೆ, ಇತಿಹಾಸ ಓದುತ್ತಾಳೆ. ಗೋವಾಕ್ಕಿಂತ ದೂರ, ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ ಎಂದು ನನ್ನ ಪ್ರಶ್ನೆ.
ಮೈಸೂರು

ಮಗಳಿಗೆ ನನ್ನ ಅಭಿನಂದನೆ ಹೇಳಿ. ನಮ್ಮ ರಾಜ್ಯದ ದಕ್ಷಿಣದವರು ಸಿಂಗಪುರ ನೋಡಿರುತ್ತಾರೆ, ಬೀದರ್ ನೋಡಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಏನಿದೆ ಎಂದು ಕೇಳಿದಿರಲ್ಲ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಕೆಂಪು ಮುರಕಲ್ಲಿನ ಕೋಟೆ, ಒಳಗೆ ರಂಗೀನ್ ಮಹಲ್, ಅದರ ಗೋಡೆಯಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಚಿಪ್ಪಿನ ಹೊಳಪು. ಊರೊಳಗೆ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, 1472ರದ್ದು. ಗವಾನ್ ಪರ್ಷಿಯಾದ ಗೀಲಾನ್‌ನಿಂದ ವ್ಯಾಪಾರಕ್ಕೆ ಬಂದು ಇಲ್ಲೇ ಮಂತ್ರಿಯಾದವನು, ತಾನು ಬಿಟ್ಟುಬಂದ ನಾಡಿನ ಮಾದರಿಯಲ್ಲೇ ಕಟ್ಟಿಸಿದ. ಕೊನೆಗೆ ಸುಳ್ಳು ಆರೋಪಕ್ಕೆ 1481ರಲ್ಲಿ ತಲೆ ಕೊಟ್ಟ. ಮದರಸಾದ ಅರ್ಧ ಭಾಗ ಬಿದ್ದುಹೋಗಿದೆ, ಉಳಿದ ಮಿನಾರಿನ ಮೇಲೆ ನೀಲಿ ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಸಂಜೆ ಬಿಸಿಲಿನಲ್ಲಿ ನೋಡಿ. ಊರ ಹೊರಗೆ ಅಷ್ಟೂರಿನ ಗೋರಿಗಳು, ಅಹಮದ್ ಷಾನ ಗೋರಿಯ ಒಳಗೋಡೆಯ ಬಣ್ಣದ ಬರಹ. ಗುರುದ್ವಾರ ನಾನಕ್ ಝೀರಾದಲ್ಲಿ ಊಟ ಮಾಡಿ.

ಮತ್ತೆ ಬಿದರಿ ಕೆಲಸ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಹಳೆ ಕೋಟೆಯ ಮಣ್ಣು ಹಾಕಿ ಕುದಿಸಿದ ದ್ರಾವಣದಿಂದ ಕಪ್ಪಾಗಿಸುತ್ತಾರೆ. ಸುತ್ತ ಎಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಕುಶಲಕರ್ಮಿಗಳ ಪಕ್ಕ ಒಂದು ಗಂಟೆ ಕೂತು ನೋಡಲು ಮಗಳಿಗೆ ಬಿಡಿ, ಪಠ್ಯದಲ್ಲಿ ಅದು ಸಿಗುವುದಿಲ್ಲ.

ಆದರೆ ಮೈಸೂರಿನಿಂದ ಕಾರಿನಲ್ಲಿ ಬೇಡ. 800 ಕಿಲೋಮೀಟರ್‌ಗೂ ಜಾಸ್ತಿ, ಹೋಗಿ ಬರುವುದಕ್ಕೇ ಎರಡು ದಿನ. ಬೆಂಗಳೂರಿನಿಂದ ಹೈದರಾಬಾದಿಗೆ ವಿಮಾನ ಒಂದು ಗಂಟೆ ಚಿಲ್ಲರೆ, ಅಲ್ಲಿಂದ ಬೀದರ್‌ಗೆ ಟ್ಯಾಕ್ಸಿಯಲ್ಲಿ ಮೂರು ಗಂಟೆ. ಇಲ್ಲವಾದರೆ ಗುರುವಾರ ರಾತ್ರಿ ಬೆಂಗಳೂರಿನಿಂದ ರೈಲು. 2017ರಲ್ಲಿ ಬೀದರ್-ಕಲಬುರಗಿ ಹಳಿ ಶುರುವಾದ ಮೇಲೆ ದಾರಿ ಎಷ್ಟೋ ಹತ್ತಿರವಾಗಿದೆ. ರಾತ್ರಿ ರೈಲಿನಲ್ಲಿ ಮಲಗಿದ ಗಂಟೆಗಳನ್ನು ನಾನು ಪ್ರಯಾಣದ ಲೆಕ್ಕಕ್ಕೆ ಹಾಕುವುದಿಲ್ಲ, ಮನೆಯಲ್ಲಿದ್ದರೂ ಮಲಗಿಯೇ ಇರುತ್ತಿದ್ದಿರಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಹಳೆಯ 120 ದಿನ 2024ರ ನವೆಂಬರ್‌ನಿಂದ ಹೋಯಿತು. ಅಕ್ಟೋಬರ್ 1ರ ರೈಲಿಗೆ ಆಗಸ್ಟ್ 2ರಂದೇ ಕೂತು ಮಾಡಿ. ತತ್ಕಾಲ್ ನೋಡಿಕೊಳ್ಳೋಣ ಎಂದು ರಜೆಯ ವಾರ ನಂಬಬಾರದು.

ಎರಡನೆಯ ದಿನ ಬೆಳಿಗ್ಗೆ ಬೇಗ ಹೊರಟರೆ ಹುಮನಾಬಾದ್ ಹತ್ತಿರ ಜಲಸಂಗವಿ ದೇವಸ್ಥಾನ ನೋಡಬಹುದು. ಕಲ್ಯಾಣ ಚಾಲುಕ್ಯರ ಕಾಲದ್ದು. ಅಲ್ಲಿ ಕಲ್ಲಿನ ಮೇಲೆ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪ ಇದೆ. ಇತಿಹಾಸ ಓದುವ ಹುಡುಗಿಗೆ ಅದನ್ನು ತೋರಿಸದೆ ಬರಬೇಡಿ. ಹಾಗೇ ಬಸವಕಲ್ಯಾಣ. ಅಷ್ಟಕ್ಕೇ ಮೂರು ದಿನ ತುಂಬಿಹೋಗುತ್ತದೆ.

ಆರು ದಿನ ರಜೆ ಹೊಂದಿಸಿದ್ದೇನೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ಮೊದಲ ವಿದೇಶ ಪ್ರವಾಸ.
ಹುಬ್ಬಳ್ಳಿ

ಆರು ದಿನಕ್ಕೆ ಒಂದು ಊರು. ಪ್ಯಾರಿಸ್ ಒಂದೇ ಆದರೆ ಖಂಡಿತ ಹೋಗಿ. ಬೆಂಗಳೂರಿನಿಂದ ನೇರ ವಿಮಾನಕ್ಕೇ ಹತ್ತು ಗಂಟೆ ದಾಟುತ್ತದೆ, ಹೋಗುವ ದಿನ ಬರುವ ದಿನ ಕಳೆದರೆ ನಾಲ್ಕು ದಿನ ಉಳಿಯಿತು. ಮೂರು ದೇಶ ಸೇರಿಸಿದರೆ ಆ ನಾಲ್ಕರಲ್ಲಿ ಎರಡು ದಿನ ಪೆಟ್ಟಿಗೆ ಎಳೆಯುವುದರಲ್ಲೇ ಮುಗಿಯುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಕೊನೆ ಎಂದರೆ 15 ದಿನ ಮುಂಚೆ ಹಾಕಬೇಕು, ಆರು ತಿಂಗಳ ಮುಂಚೆಯೇ ಹಾಕಬಹುದು. ಬೇಗ ಹಾಕಿ, ಸಮಯ ಗೊತ್ತುಪಡಿಸಿಕೊಳ್ಳುವುದೇ ಕಷ್ಟ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ವೀಸಾ ಸಿಗದಿದ್ದರೂ ಆ ಹಣ ವಾಪಸ್ ಬರುವುದಿಲ್ಲ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ.

ಮೊದಲ ವಿದೇಶ ಪ್ರವಾಸ ಎಂದಿದ್ದೀರಿ, ಅದಕ್ಕೆ ಇನ್ನೊಂದು ಊರನ್ನೂ ಹೇಳುತ್ತೇನೆ. ಶ್ರೀಲಂಕಾ. ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆ, ಅಲ್ಲಿನ ಗಡಿಯಾರಕ್ಕೂ ನಮ್ಮದಕ್ಕೂ ಒಂದು ನಿಮಿಷವೂ ವ್ಯತ್ಯಾಸ ಇಲ್ಲ. ಇಳಿದ ಗಂಟೆಯಿಂದಲೇ ಪ್ರವಾಸ ಶುರು. ಕ್ಯಾಂಡಿ, ಸಿಗಿರಿಯ, ‘ಎಲ್ಲಾ’ ಎಂಬ ಊರಿನ ಕಡೆಯ ಟೀ ತೋಟದ ರೈಲು, ಆರು ದಿನದಲ್ಲಿ ಆತುರವಿಲ್ಲದೆ ಮುಗಿಯುತ್ತದೆ. ಖರ್ಚೂ ಕಡಿಮೆ. ಪ್ಯಾರಿಸ್‌ಗೆ ಹತ್ತು ದಿನ ಸಿಕ್ಕಾಗ ಹೋಗಬಹುದು.

ಅಪ್ಪನಿಗೆ ಸಹಸ್ರ ಚಂದ್ರ ದರ್ಶನ ಶಾಂತಿ, ಶಿವಮೊಗ್ಗದಲ್ಲಿ, ನವೆಂಬರ್ 28ರ ಶನಿವಾರ. ಬೇಸಿಗೆಯಲ್ಲಿ ರಜೆ ಎಲ್ಲ ಖಾಲಿ ಮಾಡಿಕೊಂಡೆ. ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಾಲ್ಕು ದಿನ ಮಾತ್ರ ಇದೆ. ಅಪ್ಪ "ಅಷ್ಟಕ್ಕೆ ಅಷ್ಟು ದೂರ ಬರಬೇಡ, ವಿಡಿಯೋದಲ್ಲಿ ನೋಡು" ಎನ್ನುತ್ತಾರೆ. ಅಣ್ಣನೂ ದುಡ್ಡು ದಂಡ ಎನ್ನುತ್ತಾನೆ. ನನಗೆ ತೀರ್ಮಾನ ಮಾಡಲು ಆಗುತ್ತಿಲ್ಲ.
ನ್ಯೂಜೆರ್ಸಿ

ನಿಮ್ಮ ಗಂಟೆಗಳನ್ನು ನಾನೇ ಎಣಿಸಿ ನೋಡಿದೆ.

ಥ್ಯಾಂಕ್ಸ್‌ಗಿವಿಂಗ್ ಈ ವರ್ಷ ನವೆಂಬರ್ 26, ಗುರುವಾರ. ಬುಧವಾರ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ವಿಮಾನ ಹತ್ತಿದರೆ, ದಾರಿಯಲ್ಲಿ ಒಂದು ಕಡೆ ಬದಲಾಯಿಸಿ ಬೆಂಗಳೂರಿಗೆ ಸುಮಾರು 20 ಗಂಟೆ. ಆಗ ನಿಮಗಿಂತ ಇಲ್ಲಿ ಹತ್ತೂವರೆ ಗಂಟೆ ಮುಂದೆ. ಶುಕ್ರವಾರ ಬೆಳಗಿನ ಜಾವ ನಾಲ್ಕೂವರೆಗೆ ಇಳಿಯುತ್ತೀರಿ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರು ರಸ್ತೆ ಸೇರಿಕೊಂಡರೆ ಹನ್ನೊಂದೂವರೆಗೆ ಶಿವಮೊಗ್ಗದ ಮನೆಯಲ್ಲಿ. ಶನಿವಾರ ಹೋಮ, ಊಟ ಎಲ್ಲ ಮುಗಿಸಿ ಸಂಜೆ ಏಳಕ್ಕೆ ಹೊರಡಬೇಕು. ಭಾನುವಾರ ಬೆಳಗಿನ ಜಾವದ ವಿಮಾನ, ಭಾನುವಾರವೇ ಮಧ್ಯಾಹ್ನ ನಿಮ್ಮ ಮನೆ. ಒಟ್ಟು ನಾಲ್ಕು ದಿನದಲ್ಲಿ ಅಪ್ಪನ ಮನೆಯಲ್ಲಿ ಇರುವುದು ಮೂವತ್ತೊಂದು, ಮೂವತ್ತೆರಡು ಗಂಟೆ. ದಾರಿಯಲ್ಲಿ ಕಳೆಯುವುದು ಅದಕ್ಕಿಂತ ಜಾಸ್ತಿ.

ಪ್ರವಾಸ ಆಗಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ. ಇದು ಪ್ರವಾಸ ಅಲ್ಲ. ಸಾವಿರ ಹುಣ್ಣಿಮೆ ಕಂಡ ಅಪ್ಪನ ಮೇಲೆ ನೀರು ಹಾಕಿ ಕಾಲಿಗೆ ಬೀಳುವುದು ಒಂದೇ ಸಲ ಬರುವ ದಿನ. ಬರಬೇಡ ಎನ್ನುವುದು ಅಪ್ಪಂದಿರ ಮಾತು, ನೀವು ಬರುವ ಕಷ್ಟ ನೆನೆದು ಹೇಳಿದ್ದು. ಬಂದರೆ ಬೇಸರ ಮಾಡಿಕೊಳ್ಳುತ್ತಾರೆ ಅಂತ ನಿಮಗೆ ಅನಿಸುತ್ತದಾ? ಅಣ್ಣನ ಮಾತಿಗೂ ಬೆಲೆ ಇದೆ, ಆ ದುಡ್ಡಿನಿಂದ ಮನೆಗೆ ಬೇರೆ ತುರ್ತು ಆಗಬೇಕಿದ್ದರೆ, ಅಪ್ಪನ ಔಷಧಿ ಖರ್ಚು ಇದ್ದರೆ, ಅದು ಮೊದಲು. ಹಾಗಿಲ್ಲದಿದ್ದರೆ ಬನ್ನಿ.

ಒಂದೇ ಒಂದು ಕಾರಣಕ್ಕೆ ಮಾತ್ರ ನಾನು ನಿಮ್ಮನ್ನು ತಡೆಯುತ್ತೇನೆ. ನೀವು ಕೆಲಸದ ವೀಸಾದಲ್ಲಿದ್ದು, ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಹೊಸ ಮುದ್ರೆ ಇಲ್ಲದೆ ವಾಪಸ್ ಹೋಗಲು ಆಗುವುದಿಲ್ಲ. ಅದು ನಾಲ್ಕು ದಿನದಲ್ಲಿ ಆಗುವ ಕೆಲಸ ಅಲ್ಲ. ಇವತ್ತೇ ತೆಗೆದು ದಿನಾಂಕ ನೋಡಿ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ, ವಿದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಎಲ್ಲಿದೆ ಹುಡುಕಿಟ್ಟುಕೊಳ್ಳಿ.

ದೇಹದ ಗಡಿಯಾರವನ್ನು ಇಲ್ಲಿಯದಕ್ಕೆ ತಿರುಗಿಸಲು ಹೋಗಬೇಡಿ, ಮೂವತ್ತು ಗಂಟೆಯಲ್ಲಿ ಅದು ತಿರುಗುವುದಿಲ್ಲ. ನಿಮ್ಮ ದೇಹಕ್ಕೆ ಇಲ್ಲಿನ ಮಧ್ಯಾಹ್ನವೇ ನಡುರಾತ್ರಿ. ಶುಕ್ರವಾರ ಊಟವಾದ ಮೇಲೆ ಎರಡು ಗಂಟೆ ಮಲಗಿ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಆಗಲಿ. ಆ ವಯಸ್ಸಿನವರೂ ಆ ಹೊತ್ತಿಗೆ ಎದ್ದು ಓಡಾಡುತ್ತಿರುತ್ತಾರೆ, ಅಡುಗೆಮನೆಯಲ್ಲಿ ಇಬ್ಬರೂ ಕಾಫಿ ಮಾಡಿಕೊಂಡು ಕೂತು ಮಾತಾಡಬಹುದು. ಮರುದಿನದ ಕಾರ್ಯದ ಗಲಾಟೆಯಲ್ಲಿ, ನೆಂಟರ ನಡುವೆ ಅಪ್ಪ ನಿಮ್ಮ ಕೈಗೆ ಸಿಗುವುದಿಲ್ಲ. ನೆಂಟರ ಮನೆಗಳಿಗೆ ಹೋಗಿಬರುವ ಯೋಚನೆ ಇದ್ದರೆ ಬಿಡಿ, ಎಲ್ಲರೂ ಅಲ್ಲಿಗೇ ಬರುತ್ತಾರೆ. ಸೋಮವಾರ ಒಂದು ದಿನ ಸಂಬಳ ಇಲ್ಲದ ರಜೆಯಾದರೂ ಕೇಳಿ, ಸಿಕ್ಕರೆ ಅಪ್ಪನ ಜೊತೆ ಇನ್ನೊಂದು ರಾತ್ರಿ ಉಳಿಯಬಹುದು.

ಟಿಕೆಟ್ ಈ ವಾರವೇ ನೋಡಿ. ಥ್ಯಾಂಕ್ಸ್‌ಗಿವಿಂಗ್ ವಾರ ಅಮೆರಿಕದಲ್ಲಿ ಎಲ್ಲರೂ ಅವರವರ ಊರಿಗೆ ಹೊರಡುತ್ತಾರೆ, ಬೆಲೆ ಇಳಿಯಲಿ ಅಂತ ಕಾಯುತ್ತಾ ಕೂರಬೇಡಿ. ಬದಲಾಯಿಸುವ ಊರಿನಲ್ಲಿ ಎರಡು ವಿಮಾನಗಳ ನಡುವೆ ಎರಡೂವರೆ ಗಂಟೆಗಿಂತ ಕಡಿಮೆ ಇರಬಾರದು, ಒಂದು ತಪ್ಪಿದರೆ ಶನಿವಾರವೇ ತಪ್ಪಿಹೋಗುತ್ತದೆ. ಸೀರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.